ಬದುವಿನ ಸ್ಟೈಲೊ ಕೀಳಬೇಡಿ

ಸಹೋದರಿಯರೇ, ಬದುವಿನ ಮೇಲೆ, ಗೋಮಾಳದಲ್ಲಿ ತಾನಾಗಿ ಹಬ್ಬಿರುವ, ಮೂರೆಲೆಯ, ಪುಟ್ಟ ಹಳದಿ ಹೂವಿನ ಗಿಡ ಕಂಡಿದ್ದೀರಾ? ಅದು ಸ್ಟೈಲೊ, ಅಲಸಂದೆ, ಹುರುಳಿಯಂತೆ ದ್ವಿದಳ ಮೇವು. ಕೆರಿಬಿಯನ್ ಕಡೆಯದಾದರೂ ನಮ್ಮ ಕೆಂಪು ಮಣ್ಣಿಗೆ ಒಗ್ಗಿದೆ. ರಾಗಿ ಹುಲ್ಲಿನಲ್ಲಿ ಪ್ರೋಟೀನ್ ಶೇ. 3-4 ಮಾತ್ರ, ಒಣಗಿದ ಸ್ಟೈಲೊದಲ್ಲಿ ಶೇ. 12ರ ಆಸುಪಾಸು.

ಹೂ ಬಿಡುವಾಗ ಕೊಯ್ದು, ಕತ್ತರಿಸಿ, ಒಣಹುಲ್ಲಿನೊಂದಿಗೆ ಬೆರೆಸಿ ಕೊಡಿ. ಮೊದಲ ದಿನ ಹಸು ಮೂಸಿ ಬಿಡಬಹುದು, ರೂಢಿಯಾಗಲಿ. ಹಿಂಡಿಯ ಖರ್ಚು ತುಸು ಇಳಿಯುತ್ತದೆ. ಆದರೆ ಕರೆಯುವ ಹಸುವಿಗೆ ಹಿಂಡಿ ಪೂರ್ತಿ ನಿಲ್ಲಿಸಬೇಡಿ.

ಹೊಸದಾಗಿ ಬಿತ್ತುವವರಿಗೆ: ಬೀಜದ ಸಿಪ್ಪೆ ಬಲು ಗಟ್ಟಿ. ಕುದಿ ಬರುವ ಮುನ್ನ ಇಳಿಸಿದ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ 4-5 ನಿಮಿಷ ಅದ್ದಿ, ನೆರಳಲ್ಲಿ ಆರಿಸಿ, ಮುಂಗಾರಿಗೆ ಚೆಲ್ಲಿ. ಕಡೆಯ ಕೊಯ್ಲಿನಲ್ಲಿ ಒಂದಷ್ಟು ಗಿಡ ಬಿಡಿ. ಬೀಜ ಉದುರಿ ಮುಂದಿನ ಮಳೆಗೆ ತಾನೇ ಹುಟ್ಟುತ್ತದೆ.