ಮನೆಗಿರಣಿಯ ಹಿಂದೆ ಬಿದ್ದ ಹಿಟ್ಟು

ನಮ್ಮ ಅಕ್ಕಲಕೋಟೆ ಸೀಮೆಯಲ್ಲಿ ಈಗ ಅನೇಕರ ಮನೆಗೆ ವಿದ್ಯುತ್ತಿನ ಸಣ್ಣ ಗಿರಣಿ ಬಂದಿದೆ. ಜೋಳದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಊರ ಗಿರಣಿಯ ಮುಂದೆ ಸರದಿ ಕಾಯುವ ತಾಪತ್ರಯ ಅಷ್ಟರಮಟ್ಟಿಗೆ ತಪ್ಪಿದೆ. ಆದರೆ ಗಿರಣಿಯ ಹಿಂದೆ, ಗೋಡೆಯ ಬುಡದಲ್ಲಿ, ಬಿಳಿ ಹಳದಿ ಬಣ್ಣದ ನುಣ್ಣನೆಯ ಪುಡಿ ಬೀಳುತ್ತಿದೆ ಎಂಬ ದೂರು ಕಳೆದ ಶ್ರಾವಣದಲ್ಲಿ ನಮ್ಮ ಮನೆಯಲ್ಲಿಯೇ ಹುಟ್ಟಿತು. ಬೆಳಿಗ್ಗೆ ಗುಡಿಸಿದರೆ ಎರಡು ದಿನದಲ್ಲಿ ಮತ್ತೆ ಅಷ್ಟೇ ಪುಡಿ. ಇದನ್ನು ಪತ್ತೆ ಹಚ್ಚಲು ನಾವು ಪಟ್ಟ ಪಾಡನ್ನೂ, ನಡುವೆ ಮಾಡಿದ ತಪ್ಪನ್ನೂ ಇಲ್ಲಿ ಬರೆಯುತ್ತೇವೆ. ಏಕೆಂದರೆ ಆ ಪುಡಿ ಬೇರೇನೂ ಆಗಿರದೆ ನಮ್ಮ ಬೀಜದ ಜೋಳವೇ ಆಗಿತ್ತು.

ಮನೆಯವರ ಸಂಶಯವೆಲ್ಲ ಗಿರಣಿಯ ಮೇಲೆ. ಅದು ನಡೆದ ದಿನವೇ ಪುಡಿ ಹೆಚ್ಚು ಕಾಣುತ್ತಿತ್ತು. ಆದ್ದರಿಂದ ಹಿಟ್ಟು ಎಲ್ಲಿಯೋ ಸೋರುತ್ತಿದೆ ಎಂದು ಪೇಟೆಯಿಂದ ಒಬ್ಬ ಮಿಸ್ತ್ರಿಯನ್ನು ಕರೆಸಿದೆವು. ಆತ ಬಾಗಿಲಿನ ರಬ್ಬರ ಪಟ್ಟಿ ಬದಲಿಸಿ, ಜಾಳಿಗೆಯನ್ನು ಬಿಗಿ ಮಾಡಿ, ತನ್ನ ಮಜೂರಿ ತೆಗೆದುಕೊಂಡು ಹೋದನು. ಪುಡಿ ಮಾತ್ರ ಎಂದಿನಂತೆಯೇ ಬಿತ್ತು. ಆಗ ನಮಗೆ, ಶಾಲೆಯಲ್ಲಿ ಹುಡುಗರಿಗೆ ಹೇಳುವುದನ್ನು ಮನೆಯಲ್ಲಿಯೂ ಮಾಡಿ ನೋಡಬಾರದೇಕೆ ಎಂದೆನಿಸಿತು.

ಮೊದಲು ಪುಡಿ ಯಾವುದು ಎಂಬುದನ್ನು ತಿಳಿಯಬೇಕು. ಹಳೆಯ ಗೋಡೆಯ ಮನೆಯಲ್ಲಿ ಮೂರು ನಾಲ್ಕು ಬಗೆಯ ಪುಡಿ ಬೀಳುವುದುಂಟು. ಗೋಡೆಯ ತೇವದಿಂದ ಹೊರಬರುವ ಉಪ್ಪು ನೀರಿನಲ್ಲಿ ಹಾಕಿದರೆ ಕರಗುತ್ತದೆ. ಗೋಡೆಗೆ ಬಳಿದ ಸುಣ್ಣದ ಪುಡಿ ಕರಗುವುದಿಲ್ಲ, ಆದರೆ ಲಿಂಬೆಯ ರಸ ಹಿಂಡಿದರೆ ನೊರೆನೊರೆಯಾಗಿ ಗುಳ್ಳೆ ಏಳುತ್ತವೆ. ಮರದ ಹುಳು ಕೊರೆದ ಪುಡಿಯನ್ನು ಕಾದ ಹಂಚಿನ ಮೇಲೆ ಹಾಕಿದರೆ ಕಟ್ಟಿಗೆ ಸುಟ್ಟ ವಾಸನೆ ಬರುತ್ತದೆ. ನಮ್ಮ ಪುಡಿ ನೀರಿನಲ್ಲಿ ಕರಗಲಿಲ್ಲ, ಲಿಂಬೆಗೆ ಗುಳ್ಳೆ ಏಳಲಿಲ್ಲ, ಹಂಚಿನ ಮೇಲೆ ಸೀದ ರೊಟ್ಟಿಯ ವಾಸನೆ ಬಂದಿತು. ಔಷಧದ ಪೆಟ್ಟಿಗೆಯಲ್ಲಿದ್ದ ಟಿಂಕ್ಚರ್ ಅಯೊಡಿನ್‌ನ ಒಂದು ಹನಿಯನ್ನು ಅದರ ಮೇಲೆ ಬಿಟ್ಟೆವು. ಕೂಡಲೆ ಕಡುನೀಲಿಯಾಯಿತು. ಪಿಷ್ಟವಿರುವ ಪದಾರ್ಥಕ್ಕೆ ಅಯೊಡಿನ್ ಸೋಕಿದರೆ ಹೀಗಾಗುತ್ತದೆ. ಅಂದಮೇಲೆ ಇದು ಧಾನ್ಯದ ಹಿಟ್ಟೇ ಹೊರತು ಬೇರೆ ಅಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಮನೆಯಲ್ಲಿ ಯಾರಾದರೂ ಕಾಳಿಗೆ ಹುಳುವಿನ ಗುಳಿಗೆ ಇಟ್ಟಿದ್ದರೆ, ಆ ಗುಳಿಗೆ ಕರಗಿದ ಮೇಲೆ ಉಳಿಯುವುದೂ ಬೂದು ಬಣ್ಣದ ಪುಡಿಯೇ. ಅದನ್ನು ಮೂಸಿ ನೋಡುವುದಾಗಲಿ, ಬರಿಗೈಯಿಂದ ಮುಟ್ಟುವುದಾಗಲಿ, ನೀರು ಹಾಕುವುದಾಗಲಿ ಮಾಡಲೇಬಾರದು. ಬೆಳ್ಳುಳ್ಳಿಯಂಥ ಅಥವಾ ಕೊಳೆತ ಮೀನಿನಂಥ ನಾತ ಬಂದರೆ ಬಾಗಿಲು ತೆರೆದು ಮಕ್ಕಳುಮರಿ ಸಮೇತ ಹೊರಗೆ ನಡೆಯತಕ್ಕದ್ದು. ಇಂಥ ಗುಳಿಗೆ ಇಟ್ಟಿಲ್ಲವೆಂದು ಖಾತ್ರಿಯಾದ ಮೇಲೆಯೇ ಮೇಲಿನ ಪರೀಕ್ಷೆಗಳಿಗೆ ಕೈ ಹಾಕಬೇಕು.

ಹಿಟ್ಟು ಎಂದು ಗೊತ್ತಾದ ಮೇಲೆ ಗಿರಣಿಯ ಮೇಲಿನ ಸಂಶಯ ಮತ್ತಷ್ಟು ಗಟ್ಟಿಯಾಯಿತು. ನಾವು ಎರಡು ಕರಿ ಪಾಟಿಗಳನ್ನು ತಂದು, ಒಂದನ್ನು ಗಿರಣಿಯ ಬಾಯಿಯ ಕೆಳಗೂ ಇನ್ನೊಂದನ್ನು ಹಿಂದೆ ಗೋಡೆಯ ಬುಡಕ್ಕೂ ಇಟ್ಟು, ಗಿರಣಿ ನಡೆಸದೆ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಎರಡರ ಮೇಲೂ ಪುಡಿ ಇಲ್ಲವೆಂದರೂ ಸರಿಯೆ. ಮರುದಿನ ಗಿರಣಿ ನಡೆಸಿದೆವು. ಹಿಂದಿನ ಪಾಟಿಯ ಮೇಲೆ ಚಿಟಿಕೆಗೆ ಬರುವಷ್ಟು ಪುಡಿ! ನಡೆದರೆ ಬೀಳುತ್ತದೆ, ನಿಂತರೆ ಬೀಳುವುದಿಲ್ಲ. ಆದ್ದರಿಂದ ಗಿರಣಿಯದೇ ತಪ್ಪು ಎಂದು ನಾವು ತೀರ್ಮಾನ ಮಾಡಿ ಮಿಸ್ತ್ರಿಗೆ ಮತ್ತೆ ಹೇಳಿ ಕಳಿಸುವುದರಲ್ಲಿದ್ದೆವು.

ನಮ್ಮ ತಾಯಿಯವರು ಮಾತ್ರ ಒಪ್ಪಲಿಲ್ಲ. ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ, "ಇದು ಬೀಸಿದ ಹಿಟ್ಟಲ್ಲ, ಇದರಾಗ ತವಡಿನ ಚೂರದಾವು, ಮುಗ್ಗಲ ವಾಸನೀ ಬ್ಯಾರೆ ಅದ" ಅಂದರು. ಅರವತ್ತು ವರ್ಷ ಹಿಟ್ಟು ಕಲಸಿದ ಕೈ ಅದು. ಗಿರಣಿಯ ಹಿಟ್ಟನ್ನೂ ಈ ಪುಡಿಯನ್ನೂ ಪಕ್ಕಪಕ್ಕಕ್ಕೆ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆವು. ಜಾಳಿಗೆಯಿಂದ ಇಳಿದ ಹಿಟ್ಟು ಒಂದೇ ಸಮ, ಬೆಳ್ಳಗೆ. ಪುಡಿಯಲ್ಲಿಯೋ ಕಾಳಿನ ಸಿಪ್ಪೆಯ ಚೂರುಗಳು, ಹುಳುವಿನ ಹಿಕ್ಕೆಯ ಉಂಡೆಗಳು, ಜೊತೆಗೆ ಕೆಂಪು ಕಂದು ಬಣ್ಣದ ಒಂದೆರಡು ಸಣ್ಣ ಹುಳುಗಳು.

ಗಿರಣಿಗೆ ಒರಗಿಸಿ ನಾವು ಒಂದು ಗೋಣಿಚೀಲ ಇಟ್ಟಿದ್ದೆವು. ಫಾಲ್ಗುಣದಲ್ಲಿ ರಾಶಿ ಮಾಡಿದಾಗ ಹಿಂಗಾರಿ ಬಿತ್ತನೆಗೆಂದು ತೆನೆ ಆರಿಸಿ ತೆಗೆದ ಮಾಲದಂಡಿ ಜೋಳ ಅದರಲ್ಲಿತ್ತು. ಬಾಯಿ ಹೊಲಿದ ಚೀಲವಾದ್ದರಿಂದ ಯಾರ ಕಣ್ಣೂ ಅತ್ತ ಹೋಗಿರಲಿಲ್ಲ. ಈ ಸಲ ಚೀಲವನ್ನು ಇನ್ನೊಂದು ಮೂಲೆಗೆ ಒಯ್ದಿಟ್ಟು, ಬೇರೇನನ್ನೂ ಬದಲಿಸದೆ ಗಿರಣಿ ನಡೆಸಿದೆವು. ಪಾಟಿ ಕರ್ರಗೆ ಹಾಗೆಯೇ ಇತ್ತು. ಬಳಿಕ ಚೀಲದ ಕೆಳಗೆ ಪಾಟಿ ಹಿಡಿದು ಕೈಯಿಂದ ನಾಲ್ಕು ಸಲ ತಟ್ಟಿದೆವು. ಪುಡಿ ಮಳೆಯಂತೆ ಸುರಿಯಿತು. ಗಿರಣಿ ಮಾಡಿದ್ದು ಇಷ್ಟೇ: ನಡೆಯುವಾಗ ನಡುಗಿ, ತನಗೆ ಒರಗಿದ ಚೀಲವನ್ನೂ ನಡುಗಿಸಿ, ಗೋಣಿಯ ಹೆಣಿಗೆಯ ಸಂದಿಯಿಂದ ಒಳಗಿನ ಪುಡಿಯನ್ನು ಉದುರಿಸುತ್ತಿತ್ತು. ನಮ್ಮ ಮೊದಲಿನ ಪ್ರಯೋಗದಲ್ಲಿ ಗಿರಣಿ ಮತ್ತು ಚೀಲ ಎರಡೂ ಜೊತೆಗೇ ಇದ್ದುದರಿಂದ ಒಂದರ ಅಪರಾಧ ಇನ್ನೊಂದರ ತಲೆಗೆ ಕಟ್ಟಿದಂತಾಗಿತ್ತು.

ಚೀಲ ಬಿಚ್ಚಿ ಕಾಳನ್ನು ಹಾಸಿನ ಮೇಲೆ ಹರವಿದಾಗ ನಿಜವಾದ ಕಳ್ಳ ಸಿಕ್ಕಿತು. ಎರಡೂವರೆ ಮೂರು ಮಿಲಿಮೀಟರ್ ಉದ್ದ, ಕಡುಕಂದು, ಮೈ ಕೊಳವೆಯಂತೆ ಗುಂಡಗೆ. ಮೇಲಿನಿಂದ ನೋಡಿದರೆ ತಲೆಯೇ ಕಾಣಿಸದು. ಕುಂಚಿಗೆ ಹೊದ್ದವರಂತೆ ತಲೆಯನ್ನು ಕೆಳಗೆ ಬಗ್ಗಿಸಿಕೊಂಡಿರುತ್ತದೆ. ಇದೇ ಕಾಳು ಕೊರೆಯುವ ಹುಳು. ೧೭೯೨ರಲ್ಲಿ ಫಾಬ್ರಿಸಿಯಸ್ ಎಂಬ ಡೇನಿಷ್ ವಿದ್ವಾಂಸನು ಇದನ್ನು ಮೊದಲು ವರ್ಣಿಸಿದನು. ಶಾಸ್ತ್ರದಲ್ಲಿ ಇದಕ್ಕೆ ರೈಝೋಪರ್ಥಾ ಡೊಮಿನಿಕಾ ಎಂದು ಹೆಸರು. ಮರ ಕೊರೆಯುವ ಹುಳುಗಳ ಕುಲದ್ದು, ಆದ್ದರಿಂದಲೇ ಹಲ್ಲು ಅಷ್ಟು ಗಟ್ಟಿ. ನಮ್ಮವರು ಎಲ್ಲವನ್ನೂ ನುಸಿ ಎಂದು ಕರೆದು ಬಿಡುತ್ತಾರೆ. ಪೇಟೆಯ ಅಂಗಡಿಯಲ್ಲಿ ಮರಾಠಿಯಲ್ಲಿ 'ಸೋಂಡೆ' ಎನ್ನುತ್ತಾರೆ. ಆದರೆ ಸೊಂಡಿಲಿನ ಹುಳು ಬೇರೆ, ಅದಕ್ಕೆ ಮುಂದೆ ಚಾಚಿದ ಮೂತಿ ಇರುತ್ತದೆ, ಅದು ಇಷ್ಟೊಂದು ಪುಡಿ ಮಾಡುವುದಿಲ್ಲ. ನಾವು ಮೊದಲು ಪುಡಿಯಲ್ಲಿ ಕಂಡ ಕೆಂಪು ಹುಳು ಮೂರನೆಯದು. ಅದು ಗಟ್ಟಿ ಕಾಳನ್ನು ಕೊರೆಯಲಾರದು. ಇನ್ನೊಬ್ಬರು ಮಾಡಿದ ಹಿಟ್ಟನ್ನು ತಿನ್ನಲು ಬರುವ ಅತಿಥಿ.

ಕೊರೆಯುವ ಹುಳುವಿನ ಹೆಣ್ಣು ಇನ್ನೂರರಿಂದ ಐನೂರರವರೆಗೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿ ಕಾಳಿನೊಳಗೆ ಹೊಕ್ಕು, ಅಲ್ಲಿಯೇ ತಿಂದು ಬೆಳೆದು, ಹುಳುವಾಗಿ ಹೊರಬರುತ್ತದೆ. ಬೆಚ್ಚಗಿನ ದಿನಗಳಲ್ಲಿ ಇದಕ್ಕೆಲ್ಲ ಸುಮಾರು ಒಂದು ತಿಂಗಳು ಸಾಕು. ಮರಿಯೂ ತಿನ್ನುತ್ತದೆ, ಬೆಳೆದ ಹುಳುವೂ ತಿಂಗಳುಗಟ್ಟಲೆ ತಿನ್ನುತ್ತದೆ, ತಿಂದುದಕ್ಕಿಂತ ಹೆಚ್ಚು ಪುಡಿ ಮಾಡಿ ಬಿಸಾಡುತ್ತದೆ. ಬೇರೆ ಹುಳುಗಳಿಗೆ ಒಗ್ಗದಷ್ಟು ಒಣಗಿದ ಕಾಳಿನಲ್ಲಿಯೂ ಇದು ಬದುಕಬಲ್ಲದು. ಚೆನ್ನಾಗಿ ಒಣಗಿಸಿದ್ದೇವೆಂದು ನಾವು ನಿಶ್ಚಿಂತರಾಗಿದ್ದುದು ಇಲ್ಲಿಯೇ ಕೆಟ್ಟಿತು.

ಚೀಲವನ್ನು ಸೋಸಿದಾಗ ಎರಡು ಕಿಲೋಗೆ ಮೇಲ್ಪಟ್ಟು ಪುಡಿ ಬಂದಿತು. ಅದಕ್ಕಿಂತ ದೊಡ್ಡ ಚಿಂತೆ ಬೀಜದ್ದು. ಒಂದು ಹಿಡಿ ಕಾಳನ್ನು ನೀರಿಗೆ ಹಾಕಿದರೆ ಟೊಳ್ಳಾದವು ತೇಲಿದವು. ನೂರು ಕಾಳನ್ನು ಆರಿಸದೆ ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಟ್ಟೆ ಆರದಂತೆ ನೀರು ಚಿಮುಕಿಸುತ್ತ ಇಟ್ಟೆವು. ಮೊಳೆತವು ಅರವತ್ತೊಂದು. ಪ್ರಮಾಣಿತ ಜೋಳದ ಬೀಜದಲ್ಲಿ ನೂರಕ್ಕೆ ೭೫ ಆದರೂ ಮೊಳೆಯಬೇಕೆಂದು ನಿಯಮವಿದೆ. ಎಕರೆಗೆ ನಾಲ್ಕು ಕಿಲೋ ಬೀಜದ ಬದಲು ಆರು ಹಾಕಿದರಾಯಿತು ಎಂದು ಕೆಲವರು ಹೇಳಿದರು. ಇದು ನಮಗೆ ಸರಿ ಕಾಣಲಿಲ್ಲ. ಅರ್ಧ ತಿಂದ ಕಾಳು ಮೊಳೆತರೂ ಸಸಿಗೆ ಉಣ್ಣಲು ಒಳಗೆ ಬುತ್ತಿಯೇ ಇರುವುದಿಲ್ಲ. ಕರಿಮಣ್ಣಿನ ಹೆಪ್ಪು ಒಡೆದು ಮೇಲೇಳಲು ಅದಕ್ಕೆ ಕಸುವೆಲ್ಲಿ? ಹಿಂಗಾರಿಗೆ ಮಳೆ ಒಂದೋ ಎರಡೋ. ಮತ್ತೆ ಬಿತ್ತುವ ಮಾತಿಲ್ಲ.

ಇನ್ನು ಪರಿಹಾರ. ಅಂಗಡಿಯವರು ಗುಳಿಗೆ ಕೊಡಲು ಮುಂದಾದರೆ ದಯವಿಟ್ಟು ಬೇಡವೆನ್ನಿರಿ. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವಕ್ಕೆ ವಿಷವಾಯು ಬಿಡುತ್ತದೆ. ಅದನ್ನು ಅನುಮತಿ ಪಡೆದ ತಜ್ಞರು ಜನವಾಸವಿಲ್ಲದ ಉಗ್ರಾಣದಲ್ಲಿ ಬಳಸಬೇಕೇ ಹೊರತು, ಮಲಗುವ ಮನೆಯಲ್ಲಿ ಎಂದಿಗೂ ಅಲ್ಲ. ಆ ವಾಯು ತಾಮ್ರವನ್ನೂ ತಿನ್ನುತ್ತದೆ. ಗಿರಣಿಯ ಮೋಟಾರು, ಸ್ವಿಚ್ಚುಗಳಿಗೂ ಕೇಡು. ಪ್ರಾಣದ ಮುಂದೆ ಅದೇನು ದೊಡ್ಡದಲ್ಲ, ಆದರೂ ಹೇಳಿದೆವು.

ತಿನ್ನುವ ಜೋಳವನ್ನು ಮೊದಲು ಸೋಸಿ, ಬಿಸಿಲು ಬಿದ್ದ ದಿನ ತೆಳ್ಳಗೆ ಹರವಿ, ಆಗಾಗ ಕೈಯಾಡಿಸಬೇಕು. ಬಿಸಿಗೆ ಹುಳುಗಳು ಹೊರಬೀಳುತ್ತವೆ. ಬೀಜದ ಜೋಳವಾದರೆ ತಗಡಿನ ಮೇಲೆ ನಡುಹಗಲಿನ ಬಿಸಿಲು ಬೇಡ, ಮೊಳಕೆ ಸಾಯುತ್ತದೆ. ಕಾಳು ಹಲ್ಲಿಗೆ ಕಟ್ಟೆಂದು ಮುರಿಯಬೇಕು. ಬಿಸಿ ಆರಿದ ಮೇಲೆಯೇ ತುಂಬಬೇಕು, ಇಲ್ಲವಾದರೆ ಒಳಗೆ ಬೆವರು ಕಟ್ಟುತ್ತದೆ. ಹಳೆಯ ಗೋಣಿಯ ಹೊಲಿಗೆಯಲ್ಲಿ ಹುಳು ಅಡಗಿರುತ್ತದೆ. ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸತಕ್ಕದ್ದು. ಚೀಲವನ್ನು ಹಲಗೆಯ ಮೇಲೆ, ಗೋಡೆಯಿಂದ ಮೊಳದಷ್ಟು ದೂರ ಇಡಬೇಕು. ಗಿರಣಿಯ ಸಂದುಗೊಂದುಗಳಲ್ಲಿ ಉಳಿದ ಹಿಟ್ಟನ್ನು, ತಂತಿ ಕಳಚಿ, ಬ್ರಶ್ಶಿನಿಂದ ತೆಗೆಯಬೇಕು. ಕೆಂಪು ಹುಳುವಿನ ಮನೆ ಅದೇ.

ಎಲ್ಲಕ್ಕೂ ಮೇಲಾದುದು ಗಾಳಿಯಾಡದಂತೆ ಮುಚ್ಚುವುದು. ನಮ್ಮ ಹಿರಿಯರ ಹಗೇವು ಮಾಡುತ್ತಿದ್ದುದು ಇದನ್ನೇ. ಮರಾಠಿಗರು ಅದನ್ನು ಪೇವ ಎನ್ನುತ್ತಾರೆ. ಕಾಳೂ ಹುಳುವೂ ಉಸಿರಾಡಿ ಒಳಗಿನ ಆಮ್ಲಜನಕವನ್ನು ತೀರಿಸುತ್ತವೆ, ತರುವಾಯ ಹುಳು ತಾನೇ ಸಾಯುತ್ತದೆ. ಹಗೇವು ತೆರೆದ ಕೂಡಲೆ ಇಳಿದವರು ಉಸಿರುಗಟ್ಟಿ ಸತ್ತುದೂ ಇದೇ ಕಾರಣದಿಂದ. ಅದಕ್ಕೇ ಮೊದಲು ದೀಪ ಇಳಿಸಿ ನೋಡುತ್ತಿದ್ದರು. ಈಗ ಹಗೇವು ತೋಡುವವರು ಕಡಿಮೆ. ಬಿಗಿ ಮುಚ್ಚಳದ ಡಬ್ಬಿಯನ್ನೋ, ಗಾಳಿ ಹೋಗದ ದಪ್ಪ ಪ್ಲಾಸ್ಟಿಕ್ ಚೀಲವನ್ನೋ ಕಂಠದವರೆಗೆ ತುಂಬಿ, ಬಿಗಿದು, ಮೂರು ನಾಲ್ಕು ವಾರ ತೆರೆಯದಿದ್ದರೆ ಅದೇ ಫಲ ಸಿಗುತ್ತದೆ. ಆದರೆ ಹಸಿ ಕಾಳನ್ನು ಹೀಗೆ ಮುಚ್ಚಿದರೆ ಬೂಸು ಹಿಡಿದು ಬೀಜ ಕೆಡುತ್ತದೆ. ಬೀಜಕ್ಕೆ ಸೋಸಿದ ಒಣ ಬೂದಿ ಬೆರೆಸುವ ಹಳೆಯ ಪದ್ಧತಿಯೂ ಒಳ್ಳೆಯದೇ. ಬೂದಿಯ ಕಣ ಹುಳುವಿನ ಮೈಮೇಲಿನ ಮೇಣವನ್ನು ಉಜ್ಜಿ ತೆಗೆದು ಅದನ್ನು ಒಣಗಿಸಿ ಕೊಲ್ಲುತ್ತದೆ. ಬೇವಿನ ಎಲೆ ಸ್ವಲ್ಪ ತಡೆಯಾದೀತು. ಹೊಕ್ಕ ಹುಳುವನ್ನು ಅದು ಹೊರಗೆ ಹಾಕುವುದಿಲ್ಲ.

ನಮ್ಮ ಓಣಿಯಲ್ಲಿ ಒಬ್ಬ ಮುದುಕಿ ಹೀಗೆ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟ ಬೀಜದಲ್ಲಿ ನೂರಕ್ಕೆ ೮೯ ಮೊಳೆತವು. ಕಾಳಿಗೆ ಕಾಳು, ಮೇಲೆ ಎರಡು ಕಿಲೋ ತೊಗರಿಬೇಳೆ ಕೊಟ್ಟು ಅದನ್ನೇ ತಂದು ಬಿತ್ತಿದೆವು. ನಮ್ಮ ಚೀಲದ ಜೋಳ ದನಕ್ಕೆ ಕುದಿಸಲು ಹೋಯಿತು, ಪುಡಿ ಕೋಳಿಗೆ. ಪಾಟಿ ಇನ್ನೂ ಗಿರಣಿಯ ಹಿಂದೆಯೇ ಇದೆ. ಪ್ರತಿ ಸೋಮವಾರ ನಮ್ಮ ಮಗಳು ಅದನ್ನು ಎತ್ತಿ ನೋಡುತ್ತಾಳೆ.