ಬೈಲಿನ ಮನೆಯಿಂದ ಪದವಿನ ಶಾಲೆಗೆ: ಹಳೆಯ ವಾಹನ ಬಯಸುವ ಚಾಲನೆ

ಕಾಸರಗೋಡಿನ ಒಳನಾಡಿನಲ್ಲಿ ಮನೆಗಳು ಹೆಚ್ಚಾಗಿ ಬೈಲಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿರುತ್ತವೆ. ಡಾಮರು ರಸ್ತೆ, ಪೇಟೆ, ಶಾಲೆಗಳು ಮೇಲಿನ ಪದವಿನಲ್ಲಿ. ಬದಿಯಡ್ಕ, ಎಣ್ಮಕಜೆ, ಪೈವಳಿಕೆ, ದೇಲಂಪಾಡಿ ಮುಂತಾದ ಪಂಚಾಯತುಗಳಲ್ಲಿ ಮತ್ತೆ ಮತ್ತೆ ಕಾಣುವ ನೋಟವಿದು. ನಡುವೆ ಮುರಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ಖಾಸಗಿ ದಾರಿ. ಗಾಲಿ ಹಾಯುವಷ್ಟು ಅಗಲಕ್ಕೆ ಕಾಂಕ್ರೀಟು, ಉಳಿದದ್ದು ಕೆಂಪು ಮಣ್ಣು. ಹೊಸ ಸಣ್ಣ ಕಾರಿನ ಬೆಲೆಗೆ ಹಳೆಯ ಬೊಲೆರೊ, ಸ್ಕಾರ್ಪಿಯೋ ಅಥವಾ ಇನ್ನೋವಾ ಕೊಳ್ಳುವ ಕುಟುಂಬಗಳ ಲೆಕ್ಕಾಚಾರಕ್ಕೆ ಈ ದಾರಿಯೇ ಆಧಾರ. ಗೊಬ್ಬರದ ಮೂಟೆಯೂ ಬರಬೇಕು, ಮಕ್ಕಳೂ ಶಾಲೆಗೆ ತಲಪಬೇಕು.

ಆದರೆ ಕೊಂಡ ವಾಹನ ಹತ್ತು ವರ್ಷ ಬಾಳುವುದೋ ಎರಡೇ ವರ್ಷದಲ್ಲಿ ಗ್ಯಾರೇಜು ಸೇರುವುದೋ ಎಂಬುದು ನಿರ್ಧಾರವಾಗುವುದೂ ಇದೇ ನೂರಿನ್ನೂರು ಮೀಟರಿನ ಏರಿನಲ್ಲಿ. ಬಯಲುಸೀಮೆಯ ವಾಹನ ಬೆಳಿಗ್ಗೆ ಮನೆಯಿಂದ ಹೊರಟು ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಬಿಸಿಯಾಗುತ್ತದೆ. ಇಲ್ಲಿಯ ವಾಹನಕ್ಕೆ ಆ ಅವಕಾಶವಿಲ್ಲ. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಅಂಗಳದಿಂದ ಹೊರಟ ಕ್ಷಣದಲ್ಲೇ ದಿನದ ಅತ್ಯಂತ ಕಠಿಣ ಕೆಲಸಕ್ಕೆ ಇಳಿಯಬೇಕು. ರಾತ್ರಿ ಎಣ್ಣೆಯೆಲ್ಲ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಕೆಲಸದ ಹೊತ್ತಿನಲ್ಲಿ ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲ ಟರ್ಬೊದ ದಂಡಕ್ಕೆ ತೆಳುವಾದ ಎಣ್ಣೆಯ ಪದರವೊಂದೇ ಆಸರೆ. ಆದುದರಿಂದ ಸ್ಟಾರ್ಟ್ ಮಾಡಿದ ಮೇಲೆ ಅರ್ಧದಿಂದ ಒಂದು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಬಿಡುವುದು ಅವಶ್ಯ. ಮಕ್ಕಳು ಬ್ಯಾಗು ಹಾಕಿ ಕುಳಿತುಕೊಳ್ಳಲು ಅಷ್ಟು ಹೊತ್ತು ಬೇಕೇ ಬೇಕು. ಹತ್ತು ನಿಮಿಷ ನಿಲ್ಲಿಸಿ ಬಿಸಿಮಾಡುವ ಹಳೆಯ ಪದ್ಧತಿಯೂ ಸರಿಯಲ್ಲ. ಖಾಲಿ ಓಡುವ ಡೀಸೆಲ್ ಎಂಜಿನ್ ಬಿಸಿಯಾಗುವುದು ಬಹಳ ನಿಧಾನ, ಮಸಿ ಕಟ್ಟುವುದು ಮಾತ್ರ ಬೇಗ.

ಏರಿಗೆ ಮೊದಲ ಗೇರು. ಇಲ್ಲಿ ಮಿತವ್ಯಯದ ಹೆಸರಿನಲ್ಲಿ ನಡೆಯುವ ತಪ್ಪೊಂದಿದೆ. ಎಂಜಿನ್ ಕಡಿಮೆ ತಿರುಗಿದರೆ ಡೀಸೆಲ್ ಉಳಿಯುತ್ತದೆಂದು ಕೆಲವರು ಎರಡನೆಯ, ಮೂರನೆಯ ಗೇರಿನಲ್ಲೇ ಗುಡ್ಡ ಏರಿಸುತ್ತಾರೆ. ವಾಹನ ನಡುಗುತ್ತ, ಗುಡುಗುಡು ಸದ್ದು ಮಾಡುತ್ತ ಹೇಗೋ ಏರುತ್ತದೆ. 2,523 ಸಿಸಿಯ ಹಳೆಯ ಬೊಲೆರೊ ಎಂಜಿನ್ ತನ್ನ ಪೂರ್ಣ ತಿರುಗುಬಲವಾದ 195 ನ್ಯೂಟನ್ ಮೀಟರನ್ನು ಕೊಡುವುದು ನಿಮಿಷಕ್ಕೆ 1,400ರಿಂದ 2,200 ಸುತ್ತುಗಳ ನಡುವೆ. ಅದಕ್ಕಿಂತ ಕೆಳಗೆ ಟರ್ಬೊ ಸಾಕಷ್ಟು ಗಾಳಿ ತುಂಬದು. ಚಾಲಕ ಪೆಡಲನ್ನು ಎಷ್ಟು ಒತ್ತಿದರೂ ಹೋಗುವ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಪ್ರತಿ ಸ್ಫೋಟದ ಹೊಡೆತವೂ ಬೇರಿಂಗುಗಳ ಮೇಲೆ, ಕ್ಲಚ್ಚಿನ ಮೇಲೆ, ಗೇರ್ ಬಾಕ್ಸಿನ ಹಲ್ಲುಗಳ ಮೇಲೆ ಬೀಳುತ್ತದೆ. ಅದೇ ಸಮಯದಲ್ಲಿ ಎಣ್ಣೆಯ ಒತ್ತಡ ಕಡಿಮೆಯಿರುತ್ತದೆ. ಸುತ್ತುಗಳನ್ನು ತೋರಿಸುವ ಮುಳ್ಳು ಇಲ್ಲದ ವಾಹನದಲ್ಲಿ ಕಿವಿಯೇ ಮಾಪಕ. ಸದ್ದು ಹಗುರವಾಗಿ, ಏಕರೂಪವಾಗಿ ಕೇಳಿಸಿದರೆ ಗೇರು ಸರಿಯಿದೆ. ನರಳಿದಂತೆ ಕೇಳಿಸಿದರೆ ಒಂದು ಗೇರು ಕೆಳಗಿಳಿಸಬೇಕು. ಏರಿನ ಬುಡದಲ್ಲೇ ಗೇರು ಆರಿಸುವುದು ಉತ್ತಮ. ನಡುವೆ ಬದಲಿಸಲು ಹೋದರೆ ವೇಗ ತಪ್ಪಿ, ಹಿಂದಕ್ಕೆ ಜಾರುವ ಭಯ.

ಕ್ಲಚ್ಚಿನ ಹತ್ಯೆಯೂ ನಡೆಯುವುದು ಇಲ್ಲಿಯೇ. ಮೇಲಿನಿಂದ ಬೈಕೋ ರಿಕ್ಷಾವೋ ಬಂದಾಗ ಅರ್ಧ ಕ್ಲಚ್ಚಿನಲ್ಲಿ ವಾಹನವನ್ನು ಹಿಡಿದು ನಿಲ್ಲಿಸುವುದನ್ನು ಹಲವರು ಚಾಲನಾ ನೈಪುಣ್ಯವೆಂದು ಭಾವಿಸಿದ್ದಾರೆ. ಸುಟ್ಟ ವಾಸನೆ ಬರುವುದು ಆ ನೈಪುಣ್ಯದ ಬೆಲೆ. ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ, ಕ್ಲಚ್ ಕಚ್ಚಿದ ಮೇಲೆ ಬ್ರೇಕ್ ಬಿಟ್ಟರೆ ಪ್ಲೇಟು ವರ್ಷಗಟ್ಟಲೆ ಬಾಳುತ್ತದೆ. ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲವೆಂದಾದರೆ ಅದನ್ನು ಸರಿಪಡಿಸುವುದೇ ಮೊದಲ ಕೆಲಸ. ಮುಂಜಾನೆ ಎರಡನೆಯ ಗೇರು ಗಟ್ಟಿಯಾಗಿ ಬೀಳುವುದು ತಣ್ಣಗಿರುವ ಗೇರ್ ಎಣ್ಣೆಯ ದೋಷವಿರಬಹುದು. ಒತ್ತಿ ತುರುಕದೆ ಒಂದು ಕ್ಷಣ ತಡೆದು ಹಾಕಬೇಕು. ಎಂಜಿನ್ ಎಣ್ಣೆಯನ್ನು ತಪ್ಪದೆ ಬದಲಿಸುವವರೂ ಗೇರ್ ಬಾಕ್ಸಿಗೂ ಹಿಂದಿನ ಆಕ್ಸಲಿಗೂ ಎಣ್ಣೆಯಿದೆ ಎಂಬುದನ್ನು ಮರೆತಿರುತ್ತಾರೆ. ಎರಡನೆಯ ಕೈಯ ವಾಹನ ಬಂದ ವಾರವೇ ಇವೆರಡನ್ನೂ ಬದಲಿಸಿಬಿಡುವುದು ಲೇಸು.

ಇಳಿಜಾರಿನ ವಿಷಯ ಜೀವದ ಪ್ರಶ್ನೆ. ಕೇರಳದಲ್ಲಿ ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಜೂನ್ ಆರಂಭದ ಹೊತ್ತಿಗೆ. ಪಾಚಿಗಟ್ಟಿದ ಕಾಂಕ್ರೀಟಿನ ಮೇಲೆ, ಒದ್ದೆಯಾದ ಕೆಂಪು ಮಣ್ಣಿನ ಮೇಲೆ ಏಳೆಂಟು ಜನರನ್ನು ಹೊತ್ತ ಒಂದೂವರೆ ಟನ್ನಿಗೂ ಮೀರಿದ ವಾಹನವನ್ನು ಬ್ರೇಕ್ ಒಂದರಿಂದಲೇ ತಡೆಯಲು ಹೋಗಬಾರದು. ಯಾವ ಗೇರಿನಲ್ಲಿ ಏರುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಘಟ್ಟದ ಚಾಲಕರ ಹಳೆಯ ಪಾಠ. ನ್ಯೂಟ್ರಲಿನಲ್ಲಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆ ಪೂರ್ಣ ತಪ್ಪು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ವಾಹನದ ತೂಕವೇ ಎಂಜಿನನ್ನು ತಿರುಗಿಸುತ್ತದೆ, ಆಗ ಇಂಧನ ಹೋಗುವುದಿಲ್ಲ. ನ್ಯೂಟ್ರಲಿನಲ್ಲಿ ಎಂಜಿನ್ ತಾನಾಗಿ ತಿರುಗುತ್ತಿರಲು ಇಂಧನ ಬೇಕೇ ಬೇಕು. ಎಂಜಿನ್ ಆರಿಸಿ ಇಳಿಯುವುದಂತೂ ಅಪರಾಧಕ್ಕೆ ಸಮಾನ: ಬ್ರೇಕಿಗೆ ಬಲ ಕೊಡುವ ನಿರ್ವಾತ ಪಂಪು ನಿಲ್ಲುತ್ತದೆ, ಪವರ್ ಸ್ಟೀರಿಂಗೂ ಕಲ್ಲಾಗುತ್ತದೆ. ಆಟೊಮ್ಯಾಟಿಕ್ ವಾಹನವಾದರೂ ‘ಡಿ’ಯಲ್ಲಿ ಬಿಟ್ಟು ಕೂರದೆ ಕೆಳಗಿನ ಗೇರಿಗೆ ತರಬೇಕು. ನಾಲ್ಕು ಗಾಲಿಗೂ ಬಲ ಕೊಡುವ ಜೀಪಿನಲ್ಲಿ ಕೆಸರಿನ ದಾರಿ ಮುಗಿದು ಒಣ ಡಾಮರು ಸಿಕ್ಕಿದೊಡನೆ ಎರಡು ಗಾಲಿಗೆ ಮರಳುವುದು ಒಳ್ಳೆಯದು. ಇಲ್ಲವಾದರೆ ತಿರುವುಗಳಲ್ಲಿ ಹಲ್ಲುಗಳು ಒಂದಕ್ಕೊಂದು ಬಿಗಿದು ಸವೆಯುತ್ತವೆ.

2020ರ ಏಪ್ರಿಲಿನ ಬಳಿಕದ ಬಿಎಸ್ 6 ಡೀಸೆಲ್ ವಾಹನಗಳೂ ಈಗ ಮರುಮಾರಾಟಕ್ಕೆ ಬರುತ್ತಿವೆ. ಇವುಗಳ ಬಹುಪಾಲಿನಲ್ಲಿ ಮಸಿಯನ್ನು ಸೋಸಿಡುವ ಡಿಪಿಎಫ್ ಇರುತ್ತದೆ. ಸೇರಿದ ಮಸಿ ಉರಿದುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ಮೂರು ಕಿಲೋಮೀಟರಿನ ಶಾಲೆಗೆ ಹೋಗಿ ಬರುವ ವಾಹನದಲ್ಲಿ ಆ ಶಾಖ ಹುಟ್ಟುವುದೇ ಇಲ್ಲ. ಕೊನೆಗೆ ಎಚ್ಚರಿಕೆಯ ದೀಪ, ಶಕ್ತಿಯ ಕುಸಿತ, ದೊಡ್ಡ ಮೊತ್ತದ ಬಿಲ್ಲು. ವಾರಕ್ಕೊಮ್ಮೆ ಕುಂಬಳೆಯಿಂದ ಮಂಗಳೂರಿನ ಕಡೆಗೆ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಬರೀ ಶಾಲೆಗೂ ಪೇಟೆಗೂ ವಾಹನ ಬೇಕಾದವರು ಡೀಸೆಲ್ಲೇ ಏಕೆಂದು ಮೊದಲೇ ಯೋಚಿಸುವುದು ಇನ್ನೂ ಜಾಣತನ.

ಕಾಗದಪತ್ರದ ಮಾತು ಇಲ್ಲಿ ಅಪ್ರಸ್ತುತವಲ್ಲ. ಪುತ್ತೂರು, ಮಂಗಳೂರುಗಳಿಂದ ತಂದ ಕರ್ನಾಟಕ ನೋಂದಣಿಯ ವಾಹನವನ್ನು 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಂಡರೆ ಮೋಟಾರು ವಾಹನ ಅಧಿನಿಯಮದ 47ನೆಯ ಕಲಮಿನಂತೆ ಕೇರಳದ ನೋಂದಣಿ ಪಡೆಯಬೇಕು. ನೆರೆಮನೆಯ ಮಕ್ಕಳನ್ನು ಸೌಜನ್ಯಕ್ಕೆ ಕರೆದೊಯ್ಯುವುದು ಬೇರೆ, ತಿಂಗಳ ಹಣ ಪಡೆದು ಕರೆದೊಯ್ಯುವುದು ಬೇರೆ. ಎರಡನೆಯದು ಕಾನೂನಿನ ಕಣ್ಣಿಗೆ ಪರವಾನಗಿಯಿಲ್ಲದ ಬಾಡಿಗೆ. ಅಪಘಾತವಾದರೆ ವಿಮೆಯವರು ಎತ್ತುವ ಮೊದಲ ತಕರಾರು ಅದೇ.

ಸಂಜೆಯ ಹೊತ್ತಿಗೆ ಈ ಭೂಮಿಯ ಏರುತಗ್ಗು ವಾಹನಕ್ಕೆ ಅನುಕೂಲವಾಗಿಯೇ ಪರಿಣಮಿಸುತ್ತದೆ. ಪದವಿನಿಂದ ಬೈಲಿಗೆ ಗೇರಿನಲ್ಲಿ ಇಳಿದು ಬರುವಾಗ ಟರ್ಬೊದ ಕಾವು ಬಹುಪಾಲು ಇಳಿದಿರುತ್ತದೆ. ಅಂಗಳದಲ್ಲಿ ನಿಲ್ಲಿಸಿ, ಮಕ್ಕಳು ಕೊಡೆ, ಬ್ಯಾಗು, ಬುತ್ತಿ ಎತ್ತಿಕೊಂಡು ಜಗಲಿ ಹತ್ತುವವರೆಗೆ ಬಿಟ್ಟು ಎಂಜಿನ್ ಆರಿಸಿದರೆ ಸಾಕು.