ಪಂಪಿಗೆ ಕಾರಿನ ಎಂಜಿನ್ ಬದಲು ವಿದ್ಯುತ್ ಮೋಟಾರು

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಎಲ್ಲ ಜಮೀನಿಗೂ ಏರುವುದಿಲ್ಲ. ನಾಲೆಗಿಂತ ಎತ್ತರದಲ್ಲಿರುವ ಕೆಂಪು ಮಣ್ಣಿನ ಹೊಲಗಳಿಗೆ ಬಾವಿಯೇ ಆಸರೆ. ನಾಲೆಯ ಕೊನೆಯ ಭಾಗದ ಗದ್ದೆಗಳಿಗೂ ಒಮ್ಮೊಮ್ಮೆ ಅದೇ ಗತಿ. ವಿದ್ಯುತ್ ಕಂಬ ಹೊಲದವರೆಗೆ ಬರುವುದನ್ನು ಕಾಯಲಾರದ ರೈತರಿಗೆ, ಗುಜರಿಯಿಂದ ಹಳೆಯ ಕಾರಿನ ಅಥವಾ ಜೀಪಿನ ಎಂಜಿನ್ ತಂದು ಪಂಪಿಗೆ ಜೋಡಿಸುವುದು ಅಗ್ಗದ ಉಪಾಯವಾಗಿ ಕಾಣುತ್ತದೆ. ಮುಂದೆ ವಿದ್ಯುತ್ ಸಂಪರ್ಕ ದೊರೆತಾಗ ಎಂಜಿನ್ನನ್ನು ತೆಗೆದು ಅದೇ ಪಂಪಿಗೆ ಮೋಟಾರು ಹಾಕಬಹುದು. ಕೆಲಸ ಕಷ್ಟದ್ದಲ್ಲ. ಆದರೆ ಎಂಜಿನ್ನಿಗೆ ಹೊಂದಿದ್ದ ಲೆಕ್ಕವನ್ನೇ ಮೋಟಾರಿಗೂ ಹಿಡಿದರೆ ಹೊಸ ಮೋಟಾರು ಸುಟ್ಟುಹೋಗುವುದು ಖಂಡಿತ.

ಬದಲಾವಣೆ ಏಕೆ ಬೇಕೆಂಬುದನ್ನು ಮೊದಲು ನೋಡೋಣ. ಕಾರಿನ ಎಂಜಿನ್ 30-40 ಅಶ್ವಶಕ್ತಿಯದು. ಬಾವಿಯಿಂದ ನೀರೆತ್ತಲು ಬೇಕಾದ ಶಕ್ತಿ ಇದರ ಹತ್ತನೆಯ ಒಂದು ಭಾಗವಿದ್ದರೆ ಹೆಚ್ಚು. ಇಷ್ಟು ಹಗುರ ಹೊರೆಯಲ್ಲಿ ಓಡುವ ಪೆಟ್ರೋಲ್ ಎಂಜಿನ್, ಮಾಡುವ ಕೆಲಸಕ್ಕೆ ಹೋಲಿಸಿದರೆ ಅತಿಯಾಗಿ ಇಂಧನ ಕುಡಿಯುತ್ತದೆ. ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್ನಿನಲ್ಲಿರುವಂತೆ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಕಾರಿನ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಫುಟ್‌ವಾಲ್ವಿನಲ್ಲಿ ಗಾಳಿ ಸೇರಿ ನೀರು ಬಿಟ್ಟುಹೋದೊಡನೆ ಹೊರೆ ಇಳಿದು, ಎಂಜಿನ್ ಹುಚ್ಚು ವೇಗದಲ್ಲಿ ಓಡತೊಡಗುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಕಾರಣ ಪ್ರಾಣಭಯ. ಮೇಲೆ ನಿಂತ ಪಂಪು ಸುಮಾರು 6 ಮೀಟರ್, ಅಂದರೆ 20 ಅಡಿ ಆಳದಿಂದ ಮಾತ್ರ ನೀರನ್ನು ಚೆನ್ನಾಗಿ ಹೀರಬಲ್ಲುದು. ಬೇಸಿಗೆಯಲ್ಲಿ ನೀರು ಇದಕ್ಕಿಂತ ಕೆಳಗಿಳಿದಾಗ ಪಂಪನ್ನೂ ಎಂಜಿನ್ನನ್ನೂ ಬಾವಿಯೊಳಗಿನ ಕಟ್ಟೆಗೆ ಇಳಿಸುವ ಯೋಚನೆ ಬರುತ್ತದೆ. ಹೀಗೆ ಎಂದಿಗೂ ಮಾಡಬಾರದು. ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಾಡದ ಬಾವಿಯಲ್ಲಿ ಅದು ತುಂಬಿಕೊಂಡು, ಇಳಿದವನು ಅರಿವಾಗುವ ಮುನ್ನವೇ ಎಚ್ಚರ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿಯಾಗುತ್ತದೆ. ಮೋಟಾರಿಗೆ ಹೊಗೆಯಿಲ್ಲದ ಕಾರಣ, ಸರಿಯಾದ ಅರ್ತ್ ಇದ್ದರೆ ಅದನ್ನು ಬಾವಿಯ ಕಟ್ಟೆಯ ಮೇಲೆ ಕೂರಿಸಬಹುದು. ಮಳೆಗಾಲದಲ್ಲಿ ನೀರು ಏರುವ ಮಟ್ಟಕ್ಕಿಂತ ಮೇಲೆ ಕೂರಿಸಬೇಕು, ಅಥವಾ ಆಗ ಮೇಲೆತ್ತಲು ಅನುಕೂಲವಿರಬೇಕು.

ಎಷ್ಟು ಅಶ್ವಶಕ್ತಿಯ ಮೋಟಾರು?

ಎಂಜಿನ್ನಿನ ಶಕ್ತಿಯನ್ನು ನೋಡಿ ಮೋಟಾರು ಕೊಳ್ಳಬಾರದು. ನೀರಿನ ಪ್ರಮಾಣ ಮತ್ತು ಎತ್ತರ ಎರಡನ್ನೂ ಅಳೆದು ಕೊಳ್ಳಬೇಕು. 200 ಲೀಟರಿನ ಖಾಲಿ ಡ್ರಮ್ಮನ್ನು ಡೆಲಿವರಿ ಪೈಪಿನ ಬಾಯಿಗೆ ಹಿಡಿದು, ತುಂಬಲು ಎಷ್ಟು ಹೊತ್ತಾಗುವುದೆಂದು ಗಡಿಯಾರ ನೋಡಿ. 20 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 10 ಲೀಟರ್ ಬರುತ್ತಿದೆ ಎಂದಾಯಿತು. ಬೇಸಿಗೆಯ ನೀರಿನ ಮಟ್ಟದಿಂದ ನೀರು ಬೀಳುವ ಜಾಗದವರೆಗಿನ ಎತ್ತರ 12 ಮೀಟರ್ ಇದೆಯೆನ್ನಿ. ಪೈಪು, ಬೆಂಡು ಮತ್ತು ಫುಟ್‌ವಾಲ್ವುಗಳಲ್ಲಿ ಆಗುವ ನಷ್ಟಕ್ಕೆ 3 ಮೀಟರ್ ಸೇರಿಸಿದರೆ ಒಟ್ಟು 15 ಮೀಟರ್ ಆಯಿತು. 10ನ್ನು 15ರಿಂದ ಗುಣಿಸಿ 75ರಿಂದ ಭಾಗಿಸಿದರೆ 2 ಬರುತ್ತದೆ. ನೀರಿಗೆ ಬೇಕಾದ ಅಶ್ವಶಕ್ತಿ ಇಷ್ಟೇ. ಪಂಪಿನ ದಕ್ಷತೆ ನೂರಕ್ಕೆ 55 ಎಂದು ಹಿಡಿದರೆ ಪಂಪಿನ ದಂಡಕ್ಕೆ ಸುಮಾರು 3.6 ಅಶ್ವಶಕ್ತಿ ಬೇಕು. ಆದ್ದರಿಂದ 5 ಅಶ್ವಶಕ್ತಿಯ ಮೋಟಾರು ಧಾರಾಳವಾಗಿ ಸಾಕು.

10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳ ವಿದ್ಯುತ್ ಶುಲ್ಕವನ್ನು ಸರ್ಕಾರವೇ ಭರಿಸುವುದರಿಂದ, ದೊಡ್ಡ ಮೋಟಾರನ್ನೇ ಹಾಕೋಣವೆಂಬ ಆಸೆ ಸಹಜ. ಆದರೆ ಮೋಟಾರು ದೊಡ್ಡದಾದ ಮಾತ್ರಕ್ಕೆ ಬಾವಿಯ ಊಟೆ ಹೆಚ್ಚುವುದಿಲ್ಲ. ಊರಿನ ಟ್ರಾನ್ಸ್‌ಫಾರ್ಮರಿನ ಮೇಲೆ ಹೊರೆ ಬೀಳುತ್ತದೆ, ಅಷ್ಟೆ.

ವೇಗವೇ ಮುಖ್ಯ

ಎಂಜಿನ್ನಿನ ವೇಗವನ್ನು ಕೈಯಲ್ಲಿ ಏರಿಸಬಹುದು, ಇಳಿಸಬಹುದು. ಮೋಟಾರಿಗೆ ಆ ಸೌಲಭ್ಯವಿಲ್ಲ. ನಮ್ಮ 50 ಸೈಕಲ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವದ ಮೋಟಾರು ನಿಮಿಷಕ್ಕೆ ಸುಮಾರು 1440 ಸುತ್ತು ತಿರುಗುತ್ತದೆ. ಎರಡು ಧ್ರುವದ್ದು ಸುಮಾರು 2880 ಸುತ್ತು ತಿರುಗುತ್ತದೆ. ಇದನ್ನು ಮೋಟಾರಿನ ನಾಮಫಲಕದಲ್ಲಿ ನೋಡಬಹುದು.

ಒಂದು ಉದಾಹರಣೆ ನೋಡಿ. ಮೇಲಿನ ಪಂಪು 1800 ಸುತ್ತಿಗೆ ಮಾಡಿದ್ದು, ಅದರ ಪುಲ್ಲಿ 4 ಅಂಗುಲದ್ದು. ಕಾರಿನ ಎಂಜಿನ್ನನ್ನು 1200 ಸುತ್ತಿನಲ್ಲಿ ಓಡಿಸುತ್ತಿದ್ದರು, ಅದರ ಪುಲ್ಲಿ 6 ಅಂಗುಲದ್ದು. ಲೆಕ್ಕ ಸರಿಯಾಗಿತ್ತು. ಈಗ ಅದೇ 6 ಅಂಗುಲದ ಪುಲ್ಲಿಯನ್ನು 1440 ಸುತ್ತಿನ ಮೋಟಾರಿಗೆ ಹಾಕಿದರೆ ಪಂಪು 2160 ಸುತ್ತು ತಿರುಗುತ್ತದೆ. ವೇಗ ಹೆಚ್ಚಿದ್ದು ಐದನೆಯ ಒಂದು ಭಾಗ ಮಾತ್ರ. ನೀರೂ ಸ್ವಲ್ಪ ಹೆಚ್ಚು ಬರುವುದರಿಂದ ರೈತನಿಗೆ ಸಂತೋಷವೇ ಆಗುತ್ತದೆ. ಆದರೆ ಪಂಪು ಕೇಳುವ ಶಕ್ತಿ, ವೇಗವನ್ನು ಮೂರು ಸಲ ಗುಣಿಸಿದಂತೆ ಏರುತ್ತದೆ: 1.2 ಗುಣಿಸು 1.2 ಗುಣಿಸು 1.2, ಅಂದರೆ ಸುಮಾರು 1.7 ಪಟ್ಟು. 3.6 ಅಶ್ವಶಕ್ತಿ ಇದ್ದದ್ದು 6ನ್ನು ದಾಟಿತು. 5 ಅಶ್ವಶಕ್ತಿಯ ಮೋಟಾರು ಇದನ್ನು ಎಷ್ಟು ದಿನ ತಾಳೀತು? ಎಂಜಿನ್ನಿಗೆ ನೇರವಾಗಿ ಜೋಡಿಸಿದ್ದ 1440 ಸುತ್ತಿನ ಪಂಪಿಗೆ 2880 ಸುತ್ತಿನ ಮೋಟಾರು ಹಾಕಿದರಂತೂ ಶಕ್ತಿಯ ಬೇಡಿಕೆ ಎಂಟು ಪಟ್ಟಾಗುತ್ತದೆ.

ಪುಲ್ಲಿಯ ಅಳತೆಯನ್ನು ಹೀಗೆ ಕಂಡುಕೊಳ್ಳಿ. ಪಂಪಿನ ವೇಗವನ್ನು ಅದರ ಪುಲ್ಲಿಯ ಅಂಗುಲದಿಂದ ಗುಣಿಸಿ, ಮೋಟಾರಿನ ವೇಗದಿಂದ ಭಾಗಿಸಬೇಕು. ಇಲ್ಲಿ 1800 ಗುಣಿಸು 4, ಭಾಗಿಸು 1440. ಬರುವ ಉತ್ತರ 5. ಮೋಟಾರಿಗೆ 5 ಅಂಗುಲದ ಪುಲ್ಲಿ ಬೇಕು. ಪಂಪಿನ ವೇಗವೂ ಮೋಟಾರಿನ ವೇಗವೂ ಒಂದೇ ಆಗಿದ್ದರೆ ಬೆಲ್ಟೇ ಬೇಡ. ಕಪ್ಲಿಂಗ್ ಹಾಕಿ ನೇರವಾಗಿ ಜೋಡಿಸುವುದು ಉತ್ತಮ.

ಜೋಡಿಸುವ ಮೊದಲು ಮೋಟಾರನ್ನು ಒಂದು ಕ್ಷಣ ಓಡಿಸಿ, ಪಂಪಿನ ಮೈಮೇಲಿನ ಬಾಣದ ದಿಕ್ಕಿಗೆ ತಿರುಗುವುದೇ ಎಂದು ನೋಡಿ. ಹಿಂದುಮುಂದಾಗಿದ್ದರೆ, ವಿದ್ಯುತ್ ಪೂರ್ತಿ ನಿಲ್ಲಿಸಿ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲು ಬದಲು ಮಾಡಿಸಿದರೆ ಸರಿಹೋಗುತ್ತದೆ. ಉಲ್ಟಾ ತಿರುಗಿದರೂ ಪಂಪು ಅಷ್ಟಿಷ್ಟು ನೀರು ಕೊಡುವುದರಿಂದ ಈ ದೋಷ ಕೆಲವೊಮ್ಮೆ ಗಮನಕ್ಕೇ ಬರುವುದಿಲ್ಲ.

ಮೋಟಾರಿನ ರಕ್ಷಣೆ

5 ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಪೂರ್ಣ ಹೊರೆಯಲ್ಲಿ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ನಾಮಫಲಕದಲ್ಲಿರುವ ಆಂಪಿಯರಿಗೆ ಸರಿಯಾಗಿ ಇಡಬೇಕು. ರಿಲೇ ಪದೇ ಪದೇ ಬಿದ್ದರೆ ಅದರ ಮುಳ್ಳನ್ನು ಮೇಲಕ್ಕೆ ತಿರುಗಿಸುವುದು ಹಲವರ ಚಾಳಿ. ರಿಲೇ ಬೀಳುವುದೇ ಹೊರೆ ಹೆಚ್ಚಾಗಿದೆ ಎಂದು ಹೇಳಲು. ಮೂರರಲ್ಲಿ ಒಂದು ಫೇಸು ಹೋದಾಗ ಮೋಟಾರನ್ನು ನಿಲ್ಲಿಸುವ ಸಾಧನವನ್ನು ತಪ್ಪದೆ ಹಾಕಿಸಿ. ವೋಲ್ಟೇಜು 415 ಇರಬೇಕಾದಲ್ಲಿ 350ಕ್ಕಿಂತ ಕೆಳಗಿಳಿದರೆ ಓಡಿಸಬೇಡಿ. ತಾನಾಗಿ ಚಾಲೂ ಆಗುವ ಸ್ಟಾರ್ಟರುಗಳು ಕರೆಂಟು ಬಂದೊಡನೆ ಒಟ್ಟಿಗೆ ಎದ್ದು ಟ್ರಾನ್ಸ್‌ಫಾರ್ಮರಿನ ಫ್ಯೂಸು ಹಾರಿಸುತ್ತವೆ. ಅಕ್ಕಪಕ್ಕದ ರೈತರು ಮಾತನಾಡಿಕೊಂಡು ಒಬ್ಬೊಬ್ಬರಾಗಿ ಚಾಲೂ ಮಾಡಿದರೆ ಎಲ್ಲರಿಗೂ ಕ್ಷೇಮ.

ಅರ್ತಿಗಾಗಿ ಸುಮಾರು 8 ಅಡಿ ಆಳದ ಗುಂಡಿಯಲ್ಲಿ ಜಿ.ಐ. ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಬೇಕು. ಮೋಟಾರಿನ ಮೈಗೂ ಸ್ಟಾರ್ಟರಿನ ಪೆಟ್ಟಿಗೆಗೂ ಇದರಿಂದ ತಂತಿ ಎಳೆಯಬೇಕು. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ನೀರು ಹಾಕಿ.

ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತಾದರೂ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಇಂದು ಈ ಮೂರೂ ತಾಲ್ಲೂಕುಗಳಿಗೆ ವಿದ್ಯುತ್ ಒದಗಿಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಸಂಪರ್ಕಕ್ಕೆ ನಿಗಮದ ಸ್ಥಳೀಯ ಕಛೇರಿಯಲ್ಲಿ ಅರ್ಜಿ ಸಲ್ಲಿಸಬೇಕು. ನಾಲೆಯಿಂದ ನೀರೆತ್ತುವುದಾದರೆ ನೀರಾವರಿ ಇಲಾಖೆಯ ಅನುಮತಿಯೂ ಬೇಕು.

ಮೂರು ಫೇಸಿನ ಕರೆಂಟು ದಿನವಿಡೀ ಇರುವುದಿಲ್ಲ. ಆದ್ದರಿಂದ ಹಳೆಯ ಎಂಜಿನ್ನನ್ನು ಕೂಡಲೇ ಮಾರಬೇಡಿ. ಬೆಲ್ಟಿನ ವ್ಯವಸ್ಥೆಯಿದ್ದರೆ ಪಂಪಿನ ಒಂದು ಬದಿಗೆ ಮೋಟಾರನ್ನೂ ಇನ್ನೊಂದು ಬದಿಗೆ ಎಂಜಿನ್ನನ್ನೂ ನಿಲ್ಲಿಸಿಕೊಳ್ಳಬಹುದು. ಎಂಜಿನ್ ಮಾತ್ರ ಬಾವಿಯ ಮೇಲೆ, ಬಯಲಿನಲ್ಲೇ ಇರಬೇಕು. ಒಂದನ್ನು ಓಡಿಸುವಾಗ ಇನ್ನೊಂದರ ಬೆಲ್ಟನ್ನು ಕಳಚಿಡಬೇಕು. ತಿಂಗಳಿಗೊಮ್ಮೆ ಎಂಜಿನ್ನನ್ನು ಕಾಲು ಗಂಟೆ ಓಡಿಸಿದರೆ, ಕಬ್ಬಿಗೆ ನೀರು ತಪ್ಪುವ ದಿನ ಅದು ಚಾಲೂ ಆಗುತ್ತದೆ.